ಗಂಟು ಹಾಕಿದ ವೈರುಗಳು

ಜಾನೋಸ್,
ಅಕ್ಟೋಬರ್ ೧೪

ಪ್ರೀತಿಯ ಅಮ್ಮಾ,

ನಿನ್ನ ಕಾಲಿನ ಬಾವು ಇಳಿಯಿತೇ? ನೀನು ನೋಡಿಕೊಳ್ಳುವ ಆ ಮುದುಕಿ ನಿದ್ದೆಗಾದರೂ ಬಿಡುತ್ತಾಳೋ ಇಲ್ಲವೋ. ನನಗೂ ಸಾಕಾಗಿದೆ. ನಮ್ಮ ಹಳೆಯ ಪಿಕಪ್ ಕೆಟ್ಟು ನಿಂತಿದೆ. ಹಾಲಿನ ಕ್ಯಾನುಗಳನ್ನು ಕೈಗಾಡಿಗೆ ಹೇರಿ ಚೀಸ್ ಮಾಡುವವರ ಮನೆಯವರೆಗೂ ನಾನೇ ತಳ್ಳುತ್ತಿದ್ದೇನೆ. ವಾಪಸು ಬರುವಾಗ ಹೆಗಲು ನನ್ನದೇ ಅಲ್ಲ ಅನ್ನಿಸುತ್ತದೆ. ಈ ತಿಂಗಳೊಳಗೆ ಪಿಕಪ್ ಓಡದಿದ್ದರೆ ಹಾಲು ಸಾಗಿಸುವ ಕೆಲಸ ಬೇರೆಯವರಿಗಂತೆ.

ಡ್ಯಾಶ್‌ಬೋರ್ಡಿನ ಹಿಂದೆ ವೈರುಗಳು ಸುಟ್ಟುಹೋದವು. ಮೆಕ್ಯಾನಿಕ್ ಕ್ರಿಸ್ಪಿನ್ ಬಿಚ್ಚಿ ನೋಡಿದ. ಅಪ್ಪ ತಾವೇ ಎಳೆದ ವೈರುಗಳೆಲ್ಲ ಬರೀ ಕಪ್ಪು. ಒಂದೊಂದಕ್ಕೂ ನೂಲಿನ ಗಂಟು. ಹಾರ್ನಿಗೆ ಒಂದು, ಬ್ರೇಕ್ ದೀಪಕ್ಕೆ ಎರಡು, ಹೀಗೆ.

"ದೊನ್ ಅಬುಂದಿಯೊ, ಇದೇನು ವೈರಿಂಗೋ ಜಪಮಾಲೆನೋ? ಹಾರ್ನ್ ಹೊಡಿಯೋಕ್ ಮುಂಚೆ ಪ್ರಾರ್ಥನೆ ಮಾಡ್ಬೇಕಾ?" ಎಂದು ಅವನು ಅಪ್ಪನನ್ನು ನೋಡಿ ನಕ್ಕ.

"ನಿನ್ ಕೈಗೆ ಗಾಡಿ ಕೊಟ್ಟೋರು ಮಾಡ್ತಾರೆ ಕಣೋ ಪ್ರಾರ್ಥನೆ," ಎಂದರು ಅಪ್ಪ.

ಗಡಿಯಾಚೆಯಿಂದ ಹೊಸ ವೈರಿಂಗ್ ಸೆಟ್ ತರಿಸಬೇಕು. ಅದರಲ್ಲಿ ಎರಡು ಬಗೆ. ಒಂದು, ಗಾಡಿ ಹೊಸದಾಗಿದ್ದಾಗ ಇದ್ದಂಥದೇ: ಅದೇ ಬಣ್ಣಗಳು, ಅದೇ ಅಳತೆ, ಸಿಕ್ಕಿಸಿದರಾಯಿತು. ಇನ್ನೊಂದು ಯಾವ ಗಾಡಿಗಾದರೂ ಆಗುವಂಥದು. ಯಾವ ವೈರು ಎಲ್ಲಿಗೆ ಹೋಗಬೇಕೆಂದು ಅದರ ಮೈಮೇಲೇ ಅಚ್ಚು ಹಾಕಿರುತ್ತಾರೆ, ಅಳೆದು ಕತ್ತರಿಸಿಕೊಳ್ಳಬೇಕು. ಕ್ರಿಸ್ಪಿನ್ ಮೊದಲನೆಯದೇ ಸಲೀಸು ಎಂದ. "ಬಣ್ಣಬಣ್ಣದ್ದು ನಿನ್ ಹೆಂಡ್ತಿ ಜಡೆಗೆ ಕಟ್ಟು ಹೋಗು," ಎಂದು ಅಪ್ಪ ಎದ್ದುಬಂದರು. ಎರಡನೆಯದೂ ಬೇಡವಂತೆ, ಅವರಿಗೆ ಓದು ಬರುವುದಿಲ್ಲವಲ್ಲ. ಪಿಕಪ್ ಮಾರಿಬಿಡೋಣ ಎಂದರು. ಅದನ್ನು ಮಾರಿದರೆ ಅಪ್ಪನ ಪಾಲಿಗೆ ಏನು ಉಳಿಯುತ್ತದೆ ಹೇಳು.

ಮನೆಗೆ ಬಂದು, ಕ್ರಿಸ್ಪಿನ್ ಕೊಟ್ಟ ಮಾದರಿಯ ಎರಡು ವೈರು ತುಂಡುಗಳನ್ನು ಬಿಸಿಲಿಗೆ ಹಿಡಿದು ಕೂತಿದ್ದರು. ಒಂದು ಕೆಂಪು, ಒಂದು ಹಸಿರು.

"ನೆಲಿದಾ, ಇವೆರಡೂ ಒಂದೇ ಅಲ್ವೇನೆ?"

ನನ್ನ ಮುಖ ನೋಡಿ ಅವರಿಗೇ ಗೊತ್ತಾಯಿತು. "ನಿಮ್ಮಮ್ಮಂಗೆ ಬರೀಬೇಡ," ಎಂದರು.

ಬರೆಯುತ್ತಿದ್ದೇನೆ. ನೀನು ಹಸಿರು ಬಳಿಯಲು ಹೇಳಿದ್ದ ಬಾಗಿಲಿಗೆ ಅಪ್ಪ ಕೆಂಪು ಬಳಿದರಲ್ಲ, ಬೀದಿಯೆಲ್ಲ ಹೆಂಡದಂಗಡಿ ಎಂದು ನಕ್ಕಿತಲ್ಲ. "ಬೇಕೂಂತಲೇ ಬಳ್ದೆ, ಏನೀಗ?" ಎಂದು ಅವರು ಅಂದ ಮೇಲಲ್ಲವೇ ನೀನು ಪೆಟ್ಟಿಗೆ ಕಟ್ಟಿ ಮನೆ ಬಿಟ್ಟದ್ದು? ಬೇಕೆಂದು ಬಳಿದದ್ದಲ್ಲಮ್ಮ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ ಎನ್ನುವುದಕ್ಕಿಂತ ಕೆಟ್ಟವರಾಗುವುದೇ ಅವರಿಗೆ ಸುಲಭವಾಯಿತು.

ಎರಡನೆಯ ಬಗೆಯದನ್ನೇ ತರಿಸಿದೆ. ನಾಲ್ಕನೇ ತರಗತಿಯ ಓದು ಇಷ್ಟಕ್ಕೆ ಸಾಕು. ಇಂಗ್ಲಿಷ್ ಪದಗಳ ಅರ್ಥ ಕ್ರಿಸ್ಪಿನ್ ಹೇಳಿಕೊಟ್ಟಿದ್ದಾನೆ. ಗಾಡಿಯ ಹತ್ತಿರ ಯಾರನ್ನೂ ಬಿಡದ ಅಪ್ಪ ಈಗ ಡ್ಯಾಶ್‌ಬೋರ್ಡಿನ ಕೆಳಗೆ ನನ್ನ ಪಕ್ಕದಲ್ಲೇ ಮಲಗಿ ಕೆಲಸ ಮಾಡುತ್ತಾರೆ. ನಾನು ಓದುತ್ತೇನೆ, ಅವರು ಗಂಟು ಹಾಕುತ್ತಾರೆ. ಇಬ್ಬರಿಗೂ ಬೆನ್ನು ನೋವು. ಹಿಂದಿನ ದೀಪಗಳು ಬಾಕಿ.

ಬಾ ಎಂದು ಕರೆಯುವ ಶಕ್ತಿ ನನಗಿಲ್ಲ. ತಿಳಿದಿರಲಿ ಎಂದು ಬರೆದೆ.

ನಿನ್ನ ಮಗಳು,
ನೆಲಿದಾ

ಮರೆತಿದ್ದೆ: ನಿನ್ನೆ ಅಪ್ಪ ನನ್ನನ್ನು ಬಣ್ಣದಂಗಡಿಗೆ ಕರೆದುಕೊಂಡು ಹೋಗಿ, ಡಬ್ಬದ ಮುಚ್ಚಳ ತೆಗೆಸಿ, "ಸರ್ಯಾಗ್ ನೋಡಿ ಹೇಳು," ಎಂದರು. ಬಾಗಿಲು ಇನ್ನೂ ಒಣಗಿಲ್ಲ. ಹಸಿರೇ, ಅಮ್ಮಾ.