ಸತ್ಯತ್ತೆಯ ದನಿಯಲ್ಲಿ ಜಿರಾಫೆ

ಬೆರ್ರಿಯೆಸಾ, ಸ್ಯಾನ್ ಹೋಸೆ
ಭಾನುವಾರ, ೬ ಜುಲೈ ೧೯೮೬

ಅಕ್ಕಾ, ನಿನ್ನ ತಮ್ಮ ತಿರುಮಲೇಶ ಮಾತಾಡುತ್ತಿದ್ದೇನೆ. ನಮಸ್ಕಾರ. ಟೇಪ್ ರೆಕಾರ್ಡರನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಗಾಬರಿಯಾಗಬೇಡ, ರಮಾ ಬೇಳೆ ಬೇಯಿಸುತ್ತಿದ್ದಾಳೆ.

ಇದು ಹೊಸ ಕ್ಯಾಸೆಟ್ಟು. ನೀನು ಕಳಿಸಿದ್ದರ ಮೇಲೆಯೇ ನಾನು ಮಾತಾಡಿ ವಾಪಸ್ಸು ಕಳಿಸುವುದು, ಅದರ ಮೇಲೆ ಮತ್ತೆ ನೀನು ಮಾತಾಡುವುದು, ಇದು ತಾನೇ ನಮ್ಮ ಪದ್ಧತಿ? ಅದನ್ನು ಯಾಕೆ ಬಿಟ್ಟೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿಕೋ. ನಾನು ಸುತ್ತಿ ಬಳಸಿ ಹೇಳುವವನು ಅಂತ ನಿನಗೆ ಗೊತ್ತೇ ಇದೆ.

ನಿನ್ನ ಹೋದ ಸಲದ ಕ್ಯಾಸೆಟ್ಟು ಕೇಳಿದೆ. ಟಿಕೆಟ್ಟು ಕ್ಯಾನ್ಸಲ್ ಮಾಡಿಸಿಬಿಡು ಅಂದಿದ್ದೀಯ. ಅಲ್ಲಿ ಬಂದು ನಾನೇನು ಮಾಡಲಿ, ನಿನ್ನ ಮಗಳಿಗೆ ನನ್ನ ಮಾತು ಬರಲ್ಲ, ಅವಳ ಮಾತು ನನಗೆ ಬರಲ್ಲ, ಇಬ್ಬರೂ ಮುಖ ಮುಖ ನೋಡಿಕೊಂಡು ಕೂತಿರಬೇಕಾ ಅಂದಿದ್ದೀಯ. ಅದರ ಹಿಂದೆಯೇ ಇನ್ನೊಂದು ಮಾತು, ಮೆಲ್ಲಗೆ: ಮೂರು ವರ್ಷದಿಂದ ನನ್ನ ಒಂದು ಕ್ಯಾಸೆಟ್ಟೂ ವಾಪಸ್ಸು ಬಂದಿಲ್ಲ ಕಣೋ, ಅಲ್ಲಿ ಅದನ್ನು ಹಾಕಿ ಕೇಳುವವರಾದರೂ ಇದ್ದಾರಾ ಅಂತ. ಅದು ನನಗೆ ನಾಟಿತು. ಉತ್ತರ ಹೇಳೋಣ ಅಂತ ಕೂತಾಗಲೆಲ್ಲ ನಿನ್ನ ಕ್ಯಾಸೆಟ್ಟು ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಎಲ್ಲಿ ಇಟ್ಟೆ ಅಂತ ರಮಾ ಮೇಲೆ ರೇಗುತ್ತಿದ್ದೆ. ನಿಮ್ಮ ಸಾಮಾನಿಗೆ ನಾನು ಕಾವಲಾ ಅಂತ ಅವಳು ತಿರುಗಿ ಬೀಳುತ್ತಿದ್ದಳು. ಕೊನೆಗೆ ಒಂದು ಏರೋಗ್ರಾಮ್ ಗೀಚಿ ಹಾಕುತ್ತಿದ್ದೆ.

ಟಿಕೆಟ್ಟು ಕ್ಯಾನ್ಸಲ್ ಮಾಡಿಸಿಲ್ಲ. ಯಾಕೆ ಅಂದರೆ ನೀನು ಬಂದ ಮೊದಲ ಭಾನುವಾರವೇ ಸ್ಯಾನ್ ಫ್ರಾನ್ಸಿಸ್ಕೋ ಝೂಗೆ ಹೋಗುವುದು ಅಂತ ನಿಶ್ಚಯವಾಗಿದೆ. ಮನೆಯಲ್ಲಿ ವಾರದಿಂದ ಅದೇ ಮಾತು. ಬುತ್ತಿ ಏನು ಅನ್ನುವುದಕ್ಕೇ ಒಂದು ಸಂಜೆ ಪೂರ್ತಿ ಹೋಯಿತು. ಪುಳಿಯೋಗರೆ, ಮೊಸರನ್ನ ಅಂತ ರಮಾ. ಮೊಸರನ್ನ ಕಾರಿನಲ್ಲಿ ಹುಳಿಯಾಗುತ್ತೆ ಅಂತ ನಾನು. "ರೀ, ಅಲ್ಲಿ ಆಗಸ್ಟಲ್ಲೂ ಹಲ್ಲು ಕಟಕಟ ಅನ್ನತ್ತೆ, ಮೊಸರು ಹುಳಿಯಾಗೋ ಮುಂಚೆ ನೀವು ಮಂಜುಗಡ್ಡೆ ಆಗ್ತೀರಿ" ಅಂದಳು. ನಿಜವೇ. ಆ ಝೂ ಸಮುದ್ರದ ಪಕ್ಕದಲ್ಲಿದೆ, ಬೇಸಿಗೆಯಲ್ಲೇ ಮಂಜು ಜಾಸ್ತಿ. ಮಂಕಿ ಕ್ಯಾಪ್ ಮರೆಯದೆ ತಾ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಇರುತ್ತೆ, ಹೊರಗಿನ ಕಾಫಿ ಕುಡಿ ಅಂತ ಯಾರೂ ನಿನಗೆ ಹೇಳುವುದಿಲ್ಲ.

ಝೂನೇ ಯಾಕೆ ಅಂತೀಯಾ? ನಿನ್ನ ಸೋದರಸೊಸೆ, ನನ್ನ ಮಗಳು ನಿರುಪಮಾ ಈ ಬೇಸಿಗೆ ರಜೆಯಲ್ಲಿ ಅಲ್ಲಿ ವಾಲಂಟಿಯರು. ಹದಿನಾರು ವರ್ಷಕ್ಕೇ. ಸಂಬಳ ಇಲ್ಲ, ಆದರೆ ಒಂದು ಹಸಿರು ಕೋಟು, ಎದೆಯ ಮೇಲೆ ಹೆಸರಿನ ಬಿಲ್ಲೆ. ಬಂದವರಿಗೆ ಪ್ರಾಣಿಗಳ ವಿಷಯ ಹೇಳುವುದು ಅವಳ ಕೆಲಸ. ಸಂದರ್ಶನ ಮಾಡಿ ಆರಿಸಿಕೊಂಡರು ಅಕ್ಕಾ. ಆಫೀಸಿನಲ್ಲಿ ನಾನು ಹೇಳದೆ ಬಿಟ್ಟವರು ಯಾರೂ ಇಲ್ಲ. ಈಗ ನಾನು ಬರುವುದು ಕಂಡರೆ ಕೆಲವರು ಕಾಫಿ ಮೆಷಿನ್ನು ಬಿಟ್ಟು ಓಡುತ್ತಾರೆ.

ನಿನ್ನ ಮಂಡಿಯ ಲೆಕ್ಕದಲ್ಲಿ ಬೆಂಚುಗಳು ಎಲ್ಲೆಲ್ಲಿವೆ, ಏರು ಎಲ್ಲಿದೆ ಅಂತ ಮೊದಲೇ ನೋಡಿಕೊಂಡು ಬರೋಣ ಅಂತ ನಿನ್ನೆ ನಾನು, ರಮಾ ಹೋಗಿದ್ದೆವು. ನಮ್ಮ ಆಫೀಸಿನ ಜಯರಾಮ್ ಕೂಡ ಸ್ಯಾನ್ ರಮೋನ್‌ನಿಂದ ತಾಯಿಯನ್ನು ಕರೆದುಕೊಂಡು ಅಲ್ಲಿಗೇ ಬಂದ. ಭದ್ರಮ್ಮ ಅಂತ, ಮಂಡ್ಯದ ಕಡೆಯವರು, ಬಂದು ಒಂದು ತಿಂಗಳಾಗಿದೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಟಿವಿ ಮುಂದೆ. ಆಯಮ್ಮ ಶಾಲು ಹೊದ್ದು, ಒಂದು ಬೆಂಚು ಹಿಡಿದು, ಏನು ತೋರಿಸಿದರೂ ಹೂಂ ಅಂತ ಕೂಡ ಅನ್ನಲಿಲ್ಲ. "ನೋಡವ್ವ ಆನೆ" ಅಂತ ಜಯರಾಮ್ ಕರೆದರೆ, "ಆನೆ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ, ದಸರಾಗೆ ಹೋಗಿದ್ರೆ ಸಾಕಿತ್ತು" ಅಂದರು. ಅವರನ್ನು ನೋಡಿದಾಗ ನನಗೆ ಮುಂದಿನ ತಿಂಗಳು ಅದೇ ಬೆಂಚಿನ ಮೇಲೆ ನೀನು ಕೂತ ಹಾಗೆ ಕಂಡಿತು.

ಜಿರಾಫೆಗಳ ಹತ್ತಿರ ನಿರುಪಮಾ ನಿಂತಿದ್ದಳು. ಮಕ್ಕಳ ಗುಂಪಿಗೆ ಇಂಗ್ಲಿಷಿನಲ್ಲಿ ಪಟಪಟ ಹೇಳಿ ಮುಗಿಸಿ, ಭದ್ರಮ್ಮನವರ ಮುಖ ನೋಡಿದಳು. ಬಂದು ಪಕ್ಕದಲ್ಲಿ ಕೂತಳು. ಕೂತವಳೇ ಮಂಡಿ ಒತ್ತಿಕೊಂಡು ಹೇಳಿದಳು:

"ಅಯ್ಯೋ ರಾಮ, ಬೆಳಗ್ಗಿಂದ ನಿಂತೂ ನಿಂತೂ ಮಂಡಿ ಹಿಡ್ಕೊಂಬಿಟ್ಟಿದೆ ಅಂತೀನಿ."

ನಾನು ಹಿಂದೆ ತಿರುಗಿ ನೋಡಿದೆ ಅಕ್ಕಾ. ನೀನು ಬಂದೆಯೇನೋ ಅಂತ.

ಆಮೇಲೆ ಜಿರಾಫೆ ತೋರಿಸಿ, "ಅಲ್ನೋಡಿ ಅಜ್ಜಿ, ಎಷ್ಟುದ್ದ ಕತ್ತು, ಆದ್ರೆ ನೀರು ಕುಡಿಯೋಕೆ ಪಾಪ ಎಷ್ಟು ಒದ್ದಾಟ. ಕಾಲು ಅಗಲಿಸ್ಕೊಂಡು, ಬಗ್ಗಿ, ಅಕ್ಕಪಕ್ಕ ಸಿಂಹ ಇದೆಯಾ ಅಂತ ನೋಡ್ಕೊಂಡು. ನೆಮ್ಮದಿಯಾಗಿ ಒಂದು ಲೋಟ ನೀರು ಕುಡಿಯೋ ಹಾಗಿಲ್ಲ. ಹೆಣ್ಣು ಜನ್ಮ ಅಂತೀನಿ" ಅಂದಳು.

ಭದ್ರಮ್ಮನವರು ಶಾಲು ಸರಿಸಿದರು. "ಅದು ಹೆಣ್ಣಾ?"

"ಹೂಂ ಮತ್ತೆ. ಆ ಕಡೆ ಸುಮ್ನೆ ನಿಂತು ಮೇಯ್ತಿದೆಯಲ್ಲ, ಅದು ಯಜಮಾನ್ರು."

ಆಯಮ್ಮ ನಕ್ಕ ನಗುವಿಗೆ ಜಯರಾಮ್ ಕ್ಯಾಮೆರಾ ಕೆಳಗಿಳಿಸಿದ. ನಗು ನಿಂತ ಮೇಲೆ ಭದ್ರಮ್ಮ ಅವಳ ಗಲ್ಲ ಹಿಡಿದು, "ಮೈಸೂರಲ್ಲಿ ಯಾವ ಬೀದಿಯವ್ವ ನಿಂದು?" ಅಂದರು. ನಾನು ಇಲ್ಲೇ ಸ್ಯಾನ್ ಹೋಸೆಯಲ್ಲಿ ಹುಟ್ಟಿದ್ದು ಅಂದಳು ಇವಳು. "ಸುಳ್ಳು ಹೇಳ್ಬೇಡ. ಇಲ್ಲಿ ಹುಟ್ಟಿದ ನನ್ನ ಮೊಮ್ಮಕ್ಳು ನೀರು ಅನ್ನಕ್ಕೂ ತಡವರಿಸ್ತವೆ. ನೀನು ನೋಡಿದ್ರೆ ನನ್ನ ವಾರಗೆಯೋಳ ಥರ ಮಾತಾಡ್ತೀಯ." ಆಮೇಲೆ ಅವಳ ಕೈ ಹಿಡಿದುಕೊಂಡೇ ಆನೆ, ಕರಡಿ, ಗೊರಿಲ್ಲಾ ಎಲ್ಲ ನೋಡಿದರು. ಅದೇ ಆನೆಯನ್ನು ನೋಡಿ ಕೈ ಮುಗಿದರು ಕೂಡ.

ನಾನು, ರಮಾ ಹಿಂದೆ ಹಿಂದೆ ನಡೆದೆವು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಮಾತು ಎಸೆದು ಮಹಡಿ ಹತ್ತುವ ಹುಡುಗಿ ಇವಳು.

ಕಾರಿನಲ್ಲಿ ಕೇಳಿದೆ, ಯಾರು ಕಲಿಸಿದರು ಅಂತ. ತನ್ನ ವಾಕ್‌ಮನ್ ತೆಗೆದು, ಅದರ ಹೆಡ್‌ಫೋನ್ ಹಿಂದಿನ ಸೀಟಿನಿಂದ ನನ್ನ ಕಿವಿಗೆ ಹಾಕಿದಳು. ಇಪ್ಪತ್ತನಾಲ್ಕು ಗಂಟೆ ಕಿವಿಯಲ್ಲಿ ಇಂಗ್ಲಿಷ್ ಹಾಡು ಅಂತ ನಾನು ಬೈಯುತ್ತಿದ್ದೆನಲ್ಲ, ಅದೇ. ಕೇಳಿದರೆ, "ಏನಪ್ಪಾ ತಿರುಮಲೇಶ, ಈ ಸಲ ಬೇಸಿಗೆ ಅಂದ್ರೆ ಬೇಸಿಗೆ ಅಂತೀನಿ, ನಲ್ಲೀಲಿ ನೀರು ಬಂದು ಎರಡು ದಿನ ಆಯ್ತು." ಫ್ರೀವೇ ಮಧ್ಯದಲ್ಲಿ ನೀನು ನನ್ನ ಕಿವಿಯಲ್ಲಿ. "ರೀ, ರಸ್ತೆ ನೋಡ್ರಿ" ಅಂತ ರಮಾ ತೋಳು ತಿವಿದಳು.

ಮನೆಗೆ ಬಂದ ಮೇಲೆ ತನ್ನ ಬೀರು ತೆಗೆದು ತೋರಿಸಿದಳು. ನೀನು ಕಳಿಸಿದ ಕ್ಯಾಸೆಟ್ಟುಗಳೆಲ್ಲ ಸ್ವೆಟರಿನ ಕೆಳಗೆ ಸಾಲಾಗಿ ಇವೆ. ಒಂದೂ ಕಳೆದಿಲ್ಲ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತಲ್ಲ, ಅದನ್ನು ಮುರಿದುಬಿಟ್ಟರೆ ಆಮೇಲೆ ರೆಕಾರ್ಡಿನ ಗುಂಡಿ ಒಳಗೇ ಹೋಗುವುದಿಲ್ಲ. ಪ್ರತಿಯೊಂದರದ್ದೂ ಮುರಿದಿದ್ದಾಳೆ. ಯಾಕೆ ಅಂತ ಕೇಳಿದರೆ, ಇಲ್ಲದಿದ್ದರೆ ನೀವು ಸತ್ಯತ್ತೆಯನ್ನು ಅಳಿಸಿ ಅದರ ಮೇಲೆ ಮಾತಾಡುತ್ತಿದ್ದಿರಿ ಅಂದಳು. ಅದನ್ನೂ ಇಂಗ್ಲಿಷಿನಲ್ಲೇ ಅಂದಳು ಅನ್ನು. ನಮ್ಮ ಹತ್ತಿರ ಕನ್ನಡ ಮಾತಾಡಿದರೆ ನಾವು ನಗುತ್ತೇವೆ ಅಂತ ಅವಳಿಗೆ ಸಂಕೋಚ. ಭದ್ರಮ್ಮನವರ ಮುಂದೆ ಯಾಕೆ ಆಗಲಿಲ್ಲ ಅಂತ ರಮಾ ಕೇಳಿದಳು. ಬೆಂಚಿನ ಮೇಲೆ ಅತ್ತೆಯೇ ಕೂತ ಹಾಗೆ ಕಾಣಿಸಿತು ಅಂದಳು.

ನನಗೂ ಹಾಗೆಯೇ ಕಂಡಿತ್ತು ಅಂತ ಮಗಳಿಗೆ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ಈಗ ಯೋಚನೆ ಮಾಡು. ನಿನ್ನನ್ನು ಕೇಳುವವರಿದ್ದಾರಾ ಅಂದೆಯಲ್ಲ, ಇಲ್ಲಿ ಒಬ್ಬಳು ಮೂರು ವರ್ಷದಿಂದ ಬಸ್ಸಿನಲ್ಲಿ, ಸ್ಕೂಲಿನ ದಾರಿಯಲ್ಲಿ, ಹಾಸಿಗೆಯಲ್ಲಿ ನಿನ್ನನ್ನೇ ಕೇಳುತ್ತಿದ್ದಾಳೆ. ನಿನ್ನ ಪಕ್ಕದ ಮನೆ ಜಗಳ, ನಿನ್ನ ಹುಣಸೆಹಣ್ಣಿನ ಬೆಲೆ, ಎಲ್ಲ ಅವಳಿಗೆ ಬಾಯಿಪಾಠ. ಮುಖ ಮುಖ ನೋಡಿಕೊಂಡು ಕೂರುವ ಪ್ರಶ್ನೆಯೇ ಇಲ್ಲ. ನಿಮ್ಮಿಬ್ಬರ ನಡುವೆ ನನಗೆ ಬಾಯಿ ಹಾಕಲು ಜಾಗ ಸಿಕ್ಕರೆ ಹೆಚ್ಚು.

ಭಾನುವಾರದ ಏರ್ಪಾಡು ಹೀಗೆ. ಒಳಗೆ ಹೋದ ಮೇಲೆ ನಾನು, ರಮಾ ಬುತ್ತಿ ಹೊರುವವರು ಅಷ್ಟೇ. ಮುಂದೆ ನಿರುಪಮಾ, ಅವಳ ಕೈ ಹಿಡಿದು ನೀನು. ಮೊದಲು ಜಿರಾಫೆ, ಆಮೇಲೆ ಬಿಸಿಲು ಬಿದ್ದಿರುವ ಬೆಂಚು ಹುಡುಕಿ ಕಾಫಿ, ಆಮೇಲೆ ಆನೆ. ಭದ್ರಮ್ಮನವರೂ ಬರುತ್ತಾರಂತೆ. ಆ ಹುಡುಗಿಗೆ ಮಾತು ಕಲಿಸಿದ ಮಹಾತಾಯಿಯನ್ನು ನೋಡಬೇಕಂತೆ. ಹಸಿರು ಕೋಟು ಆಗಲೇ ಇಸ್ತ್ರಿಯಾಗಿದೆ ಅಕ್ಕಾ, ಇನ್ನೂ ತಿಂಗಳಿದೆ.

ನಾನು ಹೆಮ್ಮೆಯಿಂದ ಎಗರಾಡುತ್ತಿದ್ದೇನೆ ಅಂತ ನಿನಗೆ ಅನ್ನಿಸಬಹುದು. ಹೌದು, ಎಗರಾಡುತ್ತಿದ್ದೇನೆ. ಆದರೆ ಆ ಹೆಮ್ಮೆಯಲ್ಲಿ ಅರ್ಧ ಮಾತ್ರ ಮಗಳ ಮೇಲಿನದು.

ಮಂಕಿ ಕ್ಯಾಪ್ ಮರೆಯಬೇಡ.

ನಿನ್ನ ತಮ್ಮ,
ತಿರುಮಲೇಶ

ನಿಲ್ಲಿಸುವ ಮುಂಚೆ ಇನ್ನೊಂದು ಮಾತು. ಮೂರು ವರ್ಷದ ಹಿಂದಿನ ಒಂದು ಕ್ಯಾಸೆಟ್ಟಿನ ಕೊನೆಯಲ್ಲಿ ನೀನು, ಚಿಕ್ಕವನಾಗಿದ್ದ ನನ್ನನ್ನು ಮೈಸೂರಿನ ಮೃಗಾಲಯದಲ್ಲಿ ಕಳೆದುಕೊಂಡ ಕಥೆ ಶುರು ಮಾಡಿದ್ದೆ. ಕಡಲೆಕಾಯಿ ಕೊಳ್ಳಲು ಕೈ ಬಿಟ್ಟೆ, ತಿರುಗಿ ನೋಡಿದರೆ ನಿನ್ನಪ್ಪ ಇಲ್ಲ ಅಂತ ನಿರುಪಮಾಗೆ ಹೇಳಿದ್ದೀಯ. ಅಷ್ಟಕ್ಕೆ ಟೇಪು ಮುಗಿದಿದೆ. ಮುಂದಿನ ಕ್ಯಾಸೆಟ್ಟಿನಲ್ಲಿ ನೀನು ಅದನ್ನು ಮರೆತು ಹುಣಸೆಹಣ್ಣಿನಿಂದ ಶುರು ಮಾಡಿದ್ದೀಯ. ನಿನ್ನೆ ನಾನೇ ಉಳಿದದ್ದು ಹೇಳಲು ಹೋದರೆ ಎರಡು ಕಿವಿಯೂ ಮುಚ್ಚಿಕೊಂಡಳು. "ನೀವ್ ಹೇಳ್ಬೇಡಿ. ಅತ್ತೆ ಹೇಳ್ಲಿ" ಅಂದಳು. ನನ್ನ ಹತ್ತಿರ ಅವಳಾಡಿದ ಮೊದಲ ಕನ್ನಡದ ಮಾತು ಅದು. ಮೂರು ವರ್ಷದಿಂದ ನಾನು ಆ ಮೃಗಾಲಯದಲ್ಲೇ ಕಳೆದುಹೋಗಿದ್ದೇನೆ ಅಕ್ಕಾ. ಬಂದು ಹುಡುಕಿಕೊಡು.