ನೀವು ಕೇಳಿದ ರೆಕಾರ್ಡಿಂಗ್

ತಾಯಿಯವರಿಗೆ ನಮಸ್ಕಾರ.

ತೀರಿಹೋದ ಮಗಳ ದನಿ ಒಮ್ಮೆ ಕೇಳಿದರೆ ಸಾಕು ಎಂದು ಬರೆದಿದ್ದಿರಿ. ಸಮೂಹ ಗಾಯನ ಸ್ಪರ್ಧೆಯ ರೆಕಾರ್ಡಿಂಗ್ ಇದರ ಜೊತೆ ಇಟ್ಟಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಹಾಡಿನಲ್ಲಿ ಅವಳ ದನಿ ಇಲ್ಲ. ಅವಳಿಗೆ ಶ್ರುತಿ ನಿಲ್ಲುತ್ತಿರಲಿಲ್ಲ. "ಸ್ಪರ್ಧೆ ದಿನ ಬರೀ ತುಟಿ ಆಡಿಸು ಪುಟ್ಟಿ" ಎಂದವಳು ನಾನೇ. "ಆಯ್ತು ಟೀಚರ್, ನಾವು ಗೆದ್ರೆ ಸಾಕು" ಅಂದಳು. ಗೆದ್ದೆವು. ಮನೆಯಲ್ಲೂ ಅವಳು ಈ ವಿಷಯ ಬಾಯಿ ಬಿಟ್ಟಿಲ್ಲವೆಂದು ನಿಮ್ಮ ಪತ್ರ ನೋಡಿದ ಮೇಲೆ ತಿಳಿಯಿತು.

ಮೂರು ವರ್ಷದಲ್ಲಿ ಅವಳು ಒಂದು ದಿನದ ಅಭ್ಯಾಸವನ್ನೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಕಿಟಕಿ ತೆರೆಯುವುದು, ಬೆಂಚು ಸರಿಸುವುದು, ಹಾಡುವ ಮುಂಚೆ ತಲೆ ಎಣಿಸಿ ನನಗೆ ಹೇಳುವುದು ಅವಳದೇ ಕೆಲಸ.

ಹಾಡಿಗೆ ಮುಂಚಿನ ಗದ್ದಲವನ್ನು ತೆಗೆದುಕೊಡುತ್ತೇವೆಂದು ಸ್ಟುಡಿಯೋದವರು ಹೇಳಿದರು. ನಾನು ಬೇಡವೆಂದೆ. ದಯವಿಟ್ಟು ಮೊದಲಿನಿಂದ ಕೇಳಿ. ಬೆಂಚು ಎಳೆದ ಸದ್ದು ಬರುತ್ತದೆ. ಆಮೇಲೆ ಅವಳು, "ಇಪ್ಪತ್ತೊಂದು ಜನ ಟೀಚರ್, ಎಲ್ರೂ ಬಂದಿದಾರೆ" ಅನ್ನುತ್ತಾಳೆ.

ಅವಳೂ ಸೇರಿ ಮಕ್ಕಳು ಇಪ್ಪತ್ತೆರಡು. ಆ ದಿನ ನಾನು ತಿದ್ದಲಿಲ್ಲ.

ಇಂತಿ,
ನಿಮ್ಮ ಮಗಳ ಹಾಡಿನ ಟೀಚರ್