ಶಟರ್ ಇಳಿದ ಮೂರು ದಿನ

ಸಲಾಮಾಂಕಾ, ಸ್ಪೇನ್, ನವೆಂಬರ್ 18

ಪ್ರೀತಿಯ ರೈಯಾ ಅಕ್ಕ,

‘ಒಬ್ಬರೇ ಉಣ್ಣುವ ಊಟ ಬೇಗ ಮುಗಿಯುತ್ತದೆ...’ ಎಲ್ಲೋ ಓದಿದ ಸಾಲು, ಅರ್ಧ ಮಾತ್ರ ನೆನಪಿದೆ. ನಿಜವೇ? ನನ್ನ ತಟ್ಟೆಯಂತೂ ಸಂಜೆಯವರೆಗೂ ಮೇಜಿನ ಮೇಲೇ ಇರುತ್ತದೆ.

ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆರಡು ವರ್ಷದ ಸಹಪಾಠಿಗಳು ನಲವತ್ತೆಂಟರ ನನ್ನನ್ನು ಗೌರವದಿಂದ ಮಾತನಾಡಿಸಿ, ತಮ್ಮ ಪಾಡಿಗೆ ಕಾಫಿಗೆ ಹೋಗುತ್ತಾರೆ. ಓದು ಬಿಟ್ಟು ಹೆಲ್ಸಿಂಕಿಗೆ ಬರುತ್ತೇನೆ, ನನ್ನ ಕೋಣೆ ತೆರವು ಮಾಡಿಡು ಎಂದು ಬರೆದಿದ್ದೆನಲ್ಲ, ಆ ಪತ್ರ ಹಾಕಿ ಬಂದವಳು ಮೂರು ದಿನ ಕಿಟಕಿಯ ಶಟರ್ ಎತ್ತಲೇ ಇಲ್ಲ. ಈ ಊರಿನಲ್ಲಿ ಬೆಳಗಾದರೂ ಶಟರ್ ಇಳಿದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ, ನನಗದು ಹೊಳೆಯಲಿಲ್ಲ.

ಈಗ ಕೋಣೆಯ ಮಾತು ಬಿಡು. ನಿನ್ನ ಮಗಳೇ ಅಲ್ಲಿರಲಿ. ನನ್ನ ಉಣ್ಣೆಯ ಕಾಲುಚೀಲ ಮಾತ್ರ ಕಳುಹಿಸು. ಇಲ್ಲಿಯ ಕಲ್ಲುನೆಲದ ಚಳಿ ಕೊರೆಯುತ್ತದೆ.

ನಿನ್ನೆ ಎದುರುಮನೆಯ ಎಂಬತ್ತರ ಅಜ್ಜಿ ಕಸಿಲ್ದಾ ಬಾಗಿಲು ಬಡಿದರು. ತೆರೆದಾಗ ನನ್ನ ಕಣ್ಣು ನೋಡಿ ಹೇಳಿದರು: “ಸದ್ಯ, ಬದುಕಿದ್ದೀಯಲ್ಲ! ಇಡೀ ಬೀದಿ ನನ್ನ ಪ್ರಾಣ ತಿಂತಿದೆ, ನೀನೆಲ್ಲಿ ಅಂತ. ಅಳೋದಾದ್ರೆ ಅಳು ತಾಯಿ, ಶಟರ್ ಎತ್ತಿಟ್ಟು ಅಳು.”

ನಿನ್ನ ತಂಗಿ
ಸಿರ್ಪಾ